ಹಸ್ತೆ ಗಂಗಪ್ಪ ಮಾಸ್ತರ

"ಯಾಕ ನಿಂತ್ರಿ? ಮುಂದ ಓದ್ರಿ, ಕಾರಕೂನರ," ಎಂದರು ಫೌಜದಾರರು.

ಗುರುಶಿದ್ದಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ. ಮೇಜಿನ ಮೇಲೆ ಬ್ಯಾಂಕಿನ ಠೇವಣಿ ಖಾತೆಯ ದೊಡ್ಡ ಪುಸ್ತಕ ತೆರೆದುಕೊಂಡಿತ್ತು. ಆಚೆ ಬದಿಗೆ ಚೇರ್ಮನ್ನರ ಕುರ್ಚಿಯಲ್ಲಿ ಫೌಜದಾರರು; ಅವರ ಮುಂದೆ ಅರ್ಧ ಕುಡಿದ ಚಹಾದ ಕಪ್ಪು, ಅದರ ಪಕ್ಕಕ್ಕೆ ಧಾರವಾಡದ ಕಲೆಕ್ಟರ ಕಚೇರಿಯಿಂದ ಬಂದ ಮೊಹರಿನ ಕಾಗದ. ಬಾಗಿಲಲ್ಲಿ ಒಬ್ಬ ಪೊಲೀಸ ನಿಂತಿದ್ದ. ಬೆಳಿಗ್ಗೆ ಹಣ ಕಟ್ಟಲು ಬಂದ ವ್ಯಾಪಾರಸ್ಥರು ಅವನ ತಲೆಯ ಪಟಗ ಕಂಡದ್ದೇ ತಡ, ಏನೋ ಮರೆತು ಬಂದವರ ಹಾಗೆ ತಿರುಗಿ ಹೋಗಿದ್ದರು.

ಫೌಜದಾರರು ಸಾತಾರೆಯ ಕಡೆಯವರು. ಹುಬ್ಬಳ್ಳಿಗೆ ಬಂದು ಹತ್ತು ವರ್ಷವಾಗಿ ಕನ್ನಡ ಸರಾಗವಾಗಿ ಆಡುತ್ತಿದ್ದರು. ಆದರೆ ಗುರುಶಿದ್ದಪ್ಪನ ಕೈಬರಹ ಓದಲು ಅವರಿಗೆ ಬರಲಿಲ್ಲ. ಅಕ್ಷರಕ್ಕೆ ಅಕ್ಷರ ಪೋಣಿಸಿ, ಲೇಖಣಿ ಎತ್ತದೆ ಬರೆಯುವ ಕನ್ನಡದ ಹಳೆಯ ಮೋಡಿ ಬರಹ ಅದು. ದುರ್ಗದ ಬೈಲಿನ ಪೇಟೆಯಲ್ಲೇ ಅದನ್ನು ತಡವರಿಸದೆ ಓದುವವರು ನಾಲ್ಕು ಮಂದಿ ಇದ್ದರೆ ಹೆಚ್ಚು. ಹಾಗಾಗಿ ಬರೆದವನೇ ಓದಬೇಕಾಗಿ ಬಂದಿತ್ತು. ಅವನು ಓದುತ್ತಿದ್ದ, ಫೌಜದಾರರು ಕೇಳುತ್ತಿದ್ದರು. ಮುಂಜಾನೆಯಿಂದ ಇನ್ನೂರು ಖಾತೆ ಆಗಿದ್ದವು.

ಆ ವರ್ಷ, ಅಂದರೆ ಸಾವಿರದೊಂಬೈನೂರಾ ಮೂವತ್ತೆರಡರ ಆರಂಭದಲ್ಲೇ, ಕಾಂಗ್ರೆಸ್ಸು ಕಾಯದೆಗೆ ವಿರುದ್ಧವಾದ ಸಂಘವೆಂದು ಸರಕಾರ ಸಾರಿತ್ತು. ಊರಿನ ಮುಂದಾಳುಗಳು ಹಿಂಡಲಗಿಯ ಜೈಲು ಸೇರಿದ್ದರು. ಸಿಗದವರು ತಲೆ ಮರೆಸಿಕೊಂಡಿದ್ದರು. ಸಿಗದವರಲ್ಲಿ ಗಂಗಪ್ಪ ಮಾಸ್ತರ ಒಬ್ಬ. ಮುನಸಿಪಾಲ್ಟಿ ಸಾಲೆಯ ನೌಕರಿ ಬಿಟ್ಟು, ಖಾದಿ ಟೊಪ್ಪಿಗೆ ಹಾಕಿಕೊಂಡು, ರೈಲು ಹಳಿಯ ಆಚೆಗಿನ ಕೇರಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ ಮನುಷ್ಯ. ಕಾಂಗ್ರೆಸ್ಸಿನ ಹಣವನ್ನು ಅವನು ಬಡವರ ಹೆಸರಿನಲ್ಲಿ ಸಣ್ಣ ಬ್ಯಾಂಕುಗಳಲ್ಲಿ ಅಡಗಿಸಿದ್ದಾನೆಂದು ಯಾರೋ ಸರಕಾರದ ಕಿವಿ ಊದಿದ್ದರು. ಗಂಗಪ್ಪನ ಕೈಯಿಂದ ಜಮೆಯಾದ ಹಣ ಯಾರ ಖಾತೆಯಲ್ಲಿದ್ದರೂ ಸರಿ, ಅದರ ಪಟ್ಟಿ ಕೊಡತಕ್ಕದ್ದು, ಹಣವನ್ನು ತಡೆದಿಡತಕ್ಕದ್ದು ಎಂದು ಆ ಕಾಗದ ಹೇಳುತ್ತಿತ್ತು.

ಬೇರೆ ಯಾವ ಬ್ಯಾಂಕಿಗೆ ಹೋಗಿದ್ದರೂ ಫೌಜದಾರರು ಬರಿಗೈಯಲ್ಲಿ ಮರಳಬೇಕಿತ್ತು. ಹಣ ಯಾರದೆಂದು ಬ್ಯಾಂಕಿನವರು ಬರೆದುಕೊಳ್ಳುತ್ತಾರೆಯೇ ಹೊರತು ಯಾರು ತಂದರೆಂದು ಬರೆಯುವುದಿಲ್ಲ. ಆದರೆ ಗುರುಶಿದ್ದಪ್ಪ ಬ್ಯಾಂಕಿಗೆ ಬರುವ ಮೊದಲು ಹನ್ನೆರಡು ವರ್ಷ ಅರಳೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದವನು. ಅಲ್ಲಿನ ಮುದಿ ಮುನೀಮ ಅವನಿಗೆ ಕಲಿಸಿದ ಮೊದಲ ಪಾಠವೇ ಹಸ್ತೆ. ದುಡ್ಡು ಯಾರ ಕೈಯಿಂದ ಬಂತೋ ಆ ಕೈಯ ಹೆಸರು ಬರೆಯದಿದ್ದರೆ ಅದು ಲೆಕ್ಕವೇ ಅಲ್ಲ. ಬ್ಯಾಂಕಿನ ಛಾಪಿಸಿದ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಗುರುಶಿದ್ದಪ್ಪ ರೂಲುದೊಣ್ಣೆ ಇಟ್ಟು ಪ್ರತಿಯೊಂದು ಹಾಳೆಗೂ ತಾನೇ ಒಂದು ಕೆಂಪು ಗೆರೆ ಎಳೆದು ಜಾಗ ಮಾಡಿಕೊಂಡಿದ್ದ. ತಪಾಸಣೆಗೆ ಬಂದ ಅಧಿಕಾರಿ ಒಮ್ಮೆ ಅದನ್ನು ನೋಡಿ ಶಾಭಾಸ್ ಅಂದಿದ್ದ. ಆ ಶಾಭಾಸನ್ನು ಗುರುಶಿದ್ದಪ್ಪ ಎರಡು ವರ್ಷ ಹೆಂಡತಿಯ ಎದುರು, ಬೀಗರ ಎದುರು, ಕೊನೆಗೆ ಕ್ಷೌರದವನ ಎದುರೂ ಹೇಳಿ ಮುಗಿಸಿದ್ದ.

ಅವನಿಗೆ ಇನ್ನೊಂದು ಅಭಿಮಾನವೂ ಇತ್ತು. ಒಬ್ಬರ ಖಾತೆಯ ಸುದ್ದಿ ಇನ್ನೊಬ್ಬರ ಕಿವಿಗೆ ಅವನ ಬಾಯಿಂದ ಬಿದ್ದದ್ದಿಲ್ಲ. ಪಕ್ಕದ ಮನೆಯವರು ಎಷ್ಟು ಇಟ್ಟಿದ್ದಾರೆಂದು ಹೆಂಡತಿ ಒಮ್ಮೆ ಸುಮ್ಮನೆ ಕೇಳಿದ್ದಕ್ಕೆ ಎರಡು ದಿನ ಅವಳ ಕೂಡ ಮಾತು ಬಿಟ್ಟಿದ್ದ.

ಅಂಥವನು ಈಗ ಇನ್ನೂರಾ ಹದಿನಾಲ್ಕನೆಯ ಖಾತೆಯ ಮುಂದೆ ಕನ್ನಡಕ ಒರೆಸುತ್ತ ಕುಳಿತಿದ್ದ. ಸಾವಂತ್ರೆವ್ವ ಕೋಂ ಅರ್ಜುನಪ್ಪ.

ಸಾವಂತ್ರೆವ್ವ ಹಳಿಯ ಆಚೆಯವಳು, ಮುಟ್ಟಬಾರದವರೆಂದು ಊರು ದೂರವಿಟ್ಟ ಜನರ ಕೇರಿಯವಳು. ಗಂಡ ಅರ್ಜುನಪ್ಪ ರೈಲ್ವೆ ಕಾರಖಾನೆಯಲ್ಲಿ ಕೂಲಿಯಾಗಿದ್ದ. ಎರಡು ವರ್ಷದ ಹಿಂದೆ ಮೇಲಿಂದ ಕಬ್ಬಿಣದ ತಗಡು ಜಾರಿ ಅಲ್ಲೇ ಸತ್ತ. ಕಂಪನಿ ನಾನೂರು ರೂಪಾಯಿ ಪರಿಹಾರ ಕೊಟ್ಟಿತು. ಗುಡಿಸಲಿನಲ್ಲಿ ಅಷ್ಟು ಹಣ ಇಟ್ಟುಕೊಂಡು ಮಲಗುವುದು ಹೇಗೆಂದು ಅವಳು ಅಳುತ್ತಿದ್ದಾಗ ಗಂಗಪ್ಪ ಮಾಸ್ತರ ಬ್ಯಾಂಕಿನ ಹಾದಿ ತೋರಿಸಿದ. ಆಮೇಲೆ ಗೂಡ್ಸ್ ಶೆಡ್ಡು ಗುಡಿಸಿ ಬಂದ ಪಗಾರದಲ್ಲಿ ಒಂದೋ ಎರಡೋ ನಾಲ್ಕೋ ರೂಪಾಯಿ ಉಳಿಸಿ ತರುತ್ತಿದ್ದಳು.

ತರುತ್ತಿದ್ದಳು ನಿಜ, ಆದರೆ ಬ್ಯಾಂಕು ಇದ್ದದ್ದು ಜವಳಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಅವಳು ಮೆಟ್ಟಿಲು ಏರಬಾರದೆಂದು ಎಲ್ಲೂ ಹಲಗೆ ಬರೆದು ಹಾಕಿರಲಿಲ್ಲ. ಏರು ಎಂದೂ ಯಾರೂ ಅನ್ನಲಿಲ್ಲ. ಅವಳು ಗಟಾರದ ಆಚೆ ನಿಂತು, ಬಟ್ಟೆಯ ಗಂಟು ಮಾಸ್ತರನ ಕೈಗೆ ಹಾಕುತ್ತಿದ್ದಳು. ಮಾಸ್ತರ ಮೇಲೆ ಬಂದು ಮೇಜಿನ ಮೇಲೆ ಸುರಿಯುತ್ತಿದ್ದ. ಖಾತೆ ತೆರೆದ ದಿನ ಹೆಬ್ಬೆರಳಿನ ಗುರುತು ಬೇಕಾಯಿತು. ಮಾಸ್ತರನೇ ಮಸಿಯ ಪ್ಯಾಡನ್ನು ಕೆಳಗೆ ಒಯ್ದು ಒತ್ತಿಸಿಕೊಂಡು ಬಂದ. ಚೇರ್ಮನ್ನರು ಮಾರನೆಯ ದಿನ ಬ್ಯಾಂಕಿಗೆ ಹೊಸ ಪ್ಯಾಡು ತರಿಸಿದರು. ಗುರುಶಿದ್ದಪ್ಪ ಕಿಟಕಿಯಿಂದ ಕೆಳಗೆ ನೋಡಿ, ಅವಳೇ ಹೌದೆಂದು ಖಾತ್ರಿ ಮಾಡಿಕೊಂಡು, ತನ್ನ ಕೆಂಪು ಗೆರೆಯ ಆಚೆ ಬರೆದ: ಹಸ್ತೆ ಗಂಗಪ್ಪ ಮಾಸ್ತರ. ಹೀಗೆ ಹದಿನೇಳು ಸಲ.

ಎರಡು ಹಾಳೆ ಕೂಡಿಸಿ ತಿರುವಿದ್ದರೆ ಫೌಜದಾರರಿಗೆ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಗುರುಶಿದ್ದಪ್ಪನಿಗೆ ಬರಲಿಲ್ಲವೆಂದಲ್ಲ. ಬಂತು, ಹಾಳೆಯ ತುದಿಗೆ ಬೆರಳೂ ಹೋಯಿತು. ಆದರೆ ಇಪ್ಪತ್ತು ವರ್ಷ ಒಂದು ಸಾಲೂ ಬಿಡದೆ ಓದಿದ ನಾಲಗೆ, ಬಾಗಿಲಲ್ಲಿ ಬೇರೆ ಪೊಲೀಸ. ಅವನು ಓದಿದ. ತನ್ನ ದನಿ ತನಗೇ ಕೇಳುತ್ತಿತ್ತು, ಸ್ಪಷ್ಟವಾಗಿ, ತಪ್ಪಿಲ್ಲದೆ.

ಫೌಜದಾರರು ಕುರ್ಚಿ ಮುಂದಕ್ಕೆಳೆದುಕೊಂಡರು. "ಹಾಂ. ಇದ ನೋಡ್ರಿ ಬೇಕಾಗಿದ್ದು. ಒಟ್ಟ ಎಷ್ಟಾತು?"

"ಬಡ್ಡಿ ಸೇರಿ ನಾನೂರಾ ಅರವತ್ಮೂರು ರೂಪಾಯಿ ಎಂಟಾಣೆರಿ. ಸಾಹೇಬ್ರ, ಇದು ಆಕೀ ರೊಕ್ಕ ಐತ್ರಿ. ಗಂಡ ಸತ್ತಾಗ ರೈಲ್ವೆ ಕಂಪನಿಯವ್ರು ಕೊಟ್ಟಿದ್ದು."

"ಹಂಗಂತ ಪುಸ್ತಕದಾಗ ಬರದೈತೇನು?"

"ಇಲ್ರಿ."

"ಏನ್ ಬರದೈತಿ?"

ಗುರುಶಿದ್ದಪ್ಪ ಪುಸ್ತಕ ನೋಡಲಿಲ್ಲ. "ಹಸ್ತೆ ಗಂಗಪ್ಪ ಮಾಸ್ತರ ಅಂತ ಬರದೈತ್ರಿ."

"ಮತ್ತ?" ಎಂದರು ಫೌಜದಾರರು. ಕೆಟ್ಟ ಮನುಷ್ಯರೇನಲ್ಲ, ಬೇಸರದಿಂದಲೇ ಅಂದರು. ಹದಿನೇಳು ಸಾಲನ್ನೂ ಬೇರೆ ಕಾಗದದ ಮೇಲೆ ಬಿಡಿ ಅಕ್ಷರದಲ್ಲಿ ಬರೆಸಿಕೊಂಡು, ತಣ್ಣಗಾದ ಚಹಾ ಮುಗಿಸಿ, ಪೊಲೀಸನನ್ನು ಕರೆದುಕೊಂಡು ಇಳಿದು ಹೋದರು.

ಐದನೆಯ ದಿನ ಸಾವಂತ್ರೆವ್ವ ಬಂದಳು. ಜೊತೆಗೆ ಯಾರೂ ಇರಲಿಲ್ಲ. ಗಟಾರದ ಆಚೆ ನಿಂತು ಕಿಟಕಿಯ ಕಡೆ ನೋಡುತ್ತಿದ್ದಳು. ಗುರುಶಿದ್ದಪ್ಪ ಕಿಟಕಿಯಿಂದ ಸರಿದು ಕುಳಿತ. ಬ್ಯಾಂಕಿನ ಜವಾನ ಬಡೇಸಾಬನನ್ನು ಕರೆದು, "ನಾಳೆ ಬಾ ಅಂತ ಹೇಳಿ ಬಾ," ಎಂದ. ಮಾರನೆಯ ದಿನವೂ ಹಾಗೆಯೇ ಹೇಳಿಸಿದ. ಮೂರನೆಯ ದಿನ ಬಡೇಸಾಬ ಕೆಳಗೆ ಹೋಗಲು ಎದ್ದವನು ಬಾಗಿಲಲ್ಲೇ ನಿಂತ. ಅವಳು ಮೆಟ್ಟಿಲು ಏರಿ ಬರುತ್ತಿದ್ದಳು, ಒಂದು ಕೈ ಗೋಡೆಗೆ ಹಚ್ಚಿಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ. ಒಳಗಿದ್ದ ಇಬ್ಬರು ಎಣ್ಣೆ ವ್ಯಾಪಾರಸ್ಥರು ಗೋಡೆಗೆ ಸರಿದರು. ಯಾರೂ ಬೈಯಲಿಲ್ಲ. ಅಷ್ಟು ಗಾಬರಿಯಾಗಿತ್ತು ಅವರಿಗೆ.

"ಯಪ್ಪಾ, ನನ್ನ ರೊಕ್ಕ ಕೊಡ್ರಿ," ಎಂದಳು. "ಮಲ್ಲಿಕಸಾಬರು ಗುರುವಾರತನಕ ತಡೀತೇನಿ ಅಂದಾರ."

ಅವಳು ಹೇಳಿದ ಸಂಗತಿ ಇಷ್ಟು. ಕಂಪನಿ ಹೊಸ ಹಳಿ ಹಾಕಲು ಅವರ ಗುಡಿಸಲುಗಳನ್ನು ತಿಂಗಳ ಕೊನೆಗೆ ಕೀಳಿಸಲಿತ್ತು. ಊರಿನಲ್ಲಿ ಅವರಿಗೆ ಬಾಡಿಗೆಗೆ ಕೊಡುವವರಿಲ್ಲ, ಜಾಗ ಮಾರುವವರಂತೂ ಮೊದಲೇ ಇಲ್ಲ. ಚಕ್ಕಡಿ ಬಾಡಿಗೆಗೆ ಬಿಡುವ ಮಲ್ಲಿಕಸಾಬ ಒಬ್ಬ ಮಾತ್ರ, ಗೋಕುಲದ ಹಾದಿಯಲ್ಲಿ ತನಗಿದ್ದ ಎರಡು ಗುಂಟೆಯನ್ನು ನಾನೂರು ರೂಪಾಯಿಗೆ ಕೊಡಲು ಒಪ್ಪಿದ್ದ. ಅವನಿಗೂ ಮಗಳ ನಿಕಾ ಹತ್ತಿರ ಬಂದಿತ್ತು. ಇನ್ನೊಬ್ಬ ಗಿರಾಕಿ ಹಣ ಹಿಡಿದುಕೊಂಡೇ ಓಡಾಡುತ್ತಿದ್ದ. ಗುರುವಾರ ಸಂಜೆ ಐದಕ್ಕೆ ರಜಿಸ್ಟ್ರಾರ ಕಚೇರಿ ಮುಚ್ಚುವುದರೊಳಗೆ ಅವಳು ಹಣ ತಂದರೆ ಜಾಗ ಅವಳದು.

"ಎರಡ ಹೆಣ್ಣ ಮಕ್ಕಳ್ನ ಕಟ್ಕೊಂಡ ಎಲ್ಲಿಗೆ ಹೋಗ್ಲಿರಿ? ನಮ್ಮ ಮಂದೀಗೆ ಜಾಗಾ ಅಂತ ಸಿಗೂದ ಈ ಒಂದ ಸಲರಿ, ಯಪ್ಪಾ."

"ಸರಕಾರದವ್ರು ತಡದಾರವ್ವ," ಎಂದ ಗುರುಶಿದ್ದಪ್ಪ. "ಮಾಸ್ತರ ರೊಕ್ಕ ಅಂತ ತಿಳಕೊಂಡಾರ. ಕಂಪನಿ ಕೊಟ್ಟ ಕಾಗದ ಎಲ್ಲೈತಿ?"

"ಅದು ಮಾಸ್ತರ ಟ್ರಂಕಿನ್ಯಾಗಿತ್ರಿ. ಪೊಲೀಸರು ಟ್ರಂಕ ಒಯ್ದಾರ." ಅವಳು ಮುಖ ಮೇಲೆತ್ತಿದಳು. "ನಂದು ಇಲ್ಲಿ ರೊಕ್ಕ ಐತಿ ಅಂತ ಸರಕಾರಕ್ಕ ಹೆಂಗ ಗೊತ್ತಾತ್ರಿ? ಬ್ಯಾಂಕಿನ್ಯಾಗ ಇಟ್ಟಿದ್ದು ಯಾರಿಗೂ ತಿಳೀದಿಲ್ಲ, ಆ ಕಾರಕೂನರು ಹೆಂಡ್ತಿ ಮುಂದೂ ಹೇಳೂದಿಲ್ಲ ಅಂದಿದ್ರು ಮಾಸ್ತರ."

ತಪ್ಪನ್ನು ಚೇರ್ಮನ್ನರ ಮೇಲೆ ಹಾಕಬಹುದಿತ್ತು. ಕಲೆಕ್ಟರರ ಮೇಲೆ ಹಾಕಬಹುದಿತ್ತು. ಅದೊಂದು ಗಳಿಗೆ ಗುರುಶಿದ್ದಪ್ಪ ಸುಳ್ಳು ಹೇಳಲಾರದೆ ಹೋದ.

"ನಾನ ಓದಿ ಹೇಳಿದೆ. ಪುಸ್ತಕದಾಗ ಅವರ ಹೆಸರ ಇತ್ತು."

"ಅವರ ಹೆಸರ ಯಾಕ ಬರದ್ರಿ?"

"ತಂದ ಕೊಟ್ಟಾವ್ರು ಅವರಲ್ಲವಾ. ತಂದವರ ಹೆಸರ ಬರೀಬೇಕು."

"ನಾ ಕೆಳಗ ನಿಂತಿದ್ನೆಲ್ರಿ," ಎಂದಳು ಸಾವಂತ್ರೆವ್ವ. ಸಿಟ್ಟಿನಿಂದ ಕೇಳಲಿಲ್ಲ, ತಿಳಿಯದ್ದನ್ನು ತಿಳಿದುಕೊಳ್ಳುವವಳ ಹಾಗೆ ಕೇಳಿದಳು. "ನೀವು ಆ ಕಿಡಕ್ಯಾಗಿಂದ ನನ್ನ ನೋಡ್ತಿದ್ರಿ. ಪ್ರತಿ ಸಲಾನೂ ನೋಡೀರಿ. ಅದನ್ಯಾಕ ಬರೀಲಿಲ್ರಿ?"

"ಅದನ್ನ ಬರಿಯೂ ಪದ್ಧತಿ ಇಲ್ಲವ್ವ."

ಅಂದ ಮೇಲೆ ಅವನ ಮುಖಕ್ಕೆ ಬಿಸಿ ಏರಿತು. ಇಷ್ಟು ನಾಚಿಕೆ ಅವನಿಗೆ ಬುದ್ಧಿ ಬಂದಾಗಿನಿಂದ ಆಗಿರಲಿಲ್ಲ. ಎಣ್ಣೆ ವ್ಯಾಪಾರಸ್ಥರು ಹೊರಗೆ ನಡೆದರು. ಬಡೇಸಾಬ ಗೋಡೆಯ ಕಡೆ ಮುಖ ಮಾಡಿ ಸುಮ್ಮಸುಮ್ಮನೆ ಬೀಗದ ಕೈ ಹುಡುಕತೊಡಗಿದ.

ಗುರುಶಿದ್ದಪ್ಪ ಆಗಲೇ ಅವಳ ಹೆಸರಿನಲ್ಲಿ ತಾಲೂಕಿನ ಮಾಮಲೇದಾರರಿಗೆ ಅರ್ಜಿ ಬರೆದ. ಮೋಡಿಯಲ್ಲಲ್ಲ, ಸಾಲೆಯ ಮಕ್ಕಳೂ ಓದುವಂಥ ಬಿಡಿ ಅಕ್ಷರದಲ್ಲಿ. ಅವಳ ಹೆಬ್ಬೆರಳು ಒತ್ತಿಸಿದ. ಇಂಥ ಕಾಗದದ ಕೊನೆಗೆ ಬಿಕ್ಕಲಂ ಎಂದು ಬರೆದವನು ತನ್ನ ಹೆಸರು ಹಾಕುವುದು ವಾಡಿಕೆ. ಗುರುಶಿದ್ದಪ್ಪ ಅಷ್ಟು ಜಾಗ ಬಿಟ್ಟ. ನಾಳೆ ಏನಾದರೂ ಕೇಳಿದರೆ ಎಂಬ ಅಂಜಿಕೆ.

ಮಂಗಳವಾರ ಮಾಮಲೇದಾರ ಕಚೇರಿಯ ಪರಿಚಯದ ಕಾರಕೂನನೊಬ್ಬ ಸಂಜೆ ಅವನ ಮನೆಗೇ ಬಂದು ಒಳ್ಳೆಯ ಮಾತು ಹೇಳಿದ. ಸಾಹೇಬರು ಅರ್ಜಿ ಓದಿದ್ದಾರೆ, ಮನಸ್ಸು ಕರಗಿದೆ. ಹಣ ಆ ಹೆಂಗಸೇ ತಂದದ್ದು, ಮಾಸ್ತರ ಬರೀ ಮೇಲಕ್ಕೆ ಹೊತ್ತು ತಂದವನು, ಇದನ್ನು ಕಣ್ಣಾರೆ ಕಂಡೆ ಎಂದು ಬ್ಯಾಂಕಿನವರು ಯಾರಾದರೂ ಬರೆದು ಸಹಿ ಮಾಡಿ ಕೊಟ್ಟರೆ ಅರ್ಧ ತಾಸಿನಲ್ಲಿ ಹಣ ಬಿಡುವ ಹುಕುಮು ಸಿಗುತ್ತದೆ.

ಬುಧವಾರ ಬೆಳಿಗ್ಗೆ ಗುರುಶಿದ್ದಪ್ಪ ಚೇರ್ಮನ್ನರ ಮನೆಗೆ ಹೋದ. ಅವರು ಪೂಜೆ ಮುಗಿಸಿ ತೂಗುಮಣೆಯ ಮೇಲೆ ಕುಳಿತಿದ್ದರು. ಎಲ್ಲ ಕೇಳಿಕೊಂಡು, "ನೀ ಬರದ ಕೊಡ್ತಿ, ಛಲೋ ಆತು," ಎಂದರು. "ಮೆಟ್ಟಲ ತನಕ ಬಂದಾಕಿ ಮ್ಯಾಲ ಯಾಕ ಬರ್ಲಿಲ್ಲ ಅಂತ ಕೇಳ್ತಾರ. ಏನ್ ಹೇಳ್ತಿ?"

"ಇದ್ದದ್ದ ಹೇಳ್ತೇನ್ರಿ, ಸಾವಕಾರ್ರ."

"ಪೇಪರಿನ್ಯಾಗ ಬರತೈತಿ. ಸರಕಾರದ ಕಣ್ಣೂ ಬ್ಯಾಂಕಿನ ಮ್ಯಾಲ ಐತಿ. ಕಾಂಗ್ರೆಸ್ಸಿನವ್ರ ಪರ ಸಾಕ್ಷಿ ಹೇಳಿದ ಬ್ಯಾಂಕು ಅಂತ ನಾಳೆ ಬಾಗಲಾ ಹಾಕಿಸಿದ್ರ ಮುನ್ನೂರ ಮಂದಿ ಠೇವಣಿ ಯಾರ ಕೊಡವ್ರು? ನಿಂಗ ತಿಳಿದಂಗ ಮಾಡ, ಗುರುಶಿದ್ದಪ್ಪಾ. ಸಹಿ ಮಾಡಿದಿ ಅಂದ್ರ ಆಮ್ಯಾಲ ಈ ನೌಕರಿಗೆ ಮಾತ್ರ ಬರಬ್ಯಾಡ."

ಗುರುಶಿದ್ದಪ್ಪನಿಗೆ ಐವತ್ತೆರಡು ವರ್ಷ. ಮಗ ಧಾರವಾಡದಲ್ಲಿ ಅಂಚೆ ಕಚೇರಿಯ ನೌಕರಿಗೆ ಅರ್ಜಿ ಹಾಕಿ ಮಾಳಮಡ್ಡಿಯ ಒಂದು ಕೋಣೆಯಲ್ಲಿ ಕಾಯುತ್ತಿದ್ದ. ಪೊಲೀಸರ ಒಂದು ಮಾತು ಸಾಕು, ಅದೂ ಹೋಗುತ್ತಿತ್ತು. ಬ್ಯಾಂಕಿಗೆ ಬರುವ ದಾರಿಯುದ್ದಕ್ಕೂ ಅವನು ಇದನ್ನೇ ಲೆಕ್ಕ ಹಾಕಿದ. ಹೇಗೆ ಹಾಕಿದರೂ ಒಂದು ಕಡೆ ತನ್ನ ಮನೆ, ಇನ್ನೊಂದು ಕಡೆ ಅವಳದು ಬರುತ್ತಿತ್ತು.

ಅವನು ಬರುವುದರೊಳಗೆ ಸಾವಂತ್ರೆವ್ವ ಮೇಲೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದಳು. ತುದಿಯಲ್ಲಿ, ಬೀಳುವಷ್ಟು ತುದಿಯಲ್ಲಿ. ಬಡೇಸಾಬ ಅವಳಿಗೆ ಕುಳಿತುಕೋ ಅಂದಿದ್ದನಂತೆ.

"ಬರದ ಕೊಡ್ತೀರೇನ್ರಿ?" ಎಂದು ಕೇಳಿದಳು. ಸುದ್ದಿ ಅವಳಿಗೂ ಮುಟ್ಟಿತ್ತು.

"ನೋಡ್ತೇನವ್ವ. ಚೇರ್ಮನ್ನರು ಹೂಂ ಅನ್ನಬೇಕು."

ಅವಳು ತಲೆಯಾಡಿಸಿದಳು. ದಿನವಿಡೀ ಕುಳಿತಳು. ಗುರುವಾರ ಬಾಗಿಲು ತೆಗೆಯುವ ಹೊತ್ತಿಗೆ ಮತ್ತೆ ಬಂದು ಕುಳಿತಳು. ಗುರುಶಿದ್ದಪ್ಪನ ಬಲಗೈಯನ್ನು ನೋಡುತ್ತಿದ್ದಳು ಅಷ್ಟೇ. ಹಣ ಕಟ್ಟಲು ಬಂದವರು ಅವಳ ಮುಂದೆ ಹಾದು ಬಂದರು, ಹಾದು ಹೋದರು. ಒಬ್ಬ ಕಿರಾಣಿ ಅಂಗಡಿಯವನು ಮಾತ್ರ ಬಾಗಿಲಲ್ಲಿ ನಿಂತು, "ಇದೇನ ಕಾರಕೂನರ?" ಅಂದ. ಬಡೇಸಾಬ ಅವನಿಗೆ, "ಖಾತೇದಾರಳ್ರಿ," ಎಂದು ಉತ್ತರ ಕೊಟ್ಟ.

ಹನ್ನೆರಡಕ್ಕೆ ಗುರುಶಿದ್ದಪ್ಪ ಒಂದು ಕಾಗದ ತೆಗೆದು ನಾಲ್ಕು ಸಾಲು ಬರೆದ. ಸಾವಂತ್ರೆವ್ವ ಕೋಂ ಅರ್ಜುನಪ್ಪ ಇವಳು ಪ್ರತಿಯೊಂದು ಸಲವೂ ತಾನೇ ಹಣ ತಂದು ಬ್ಯಾಂಕಿನ ಕೆಳಗೆ ಗಟಾರದ ಆಚೆ ನಿಂತಿದ್ದನ್ನು ನಾನು ಕಂಡಿರುತ್ತೇನೆ. ಬರೆದದ್ದೆಲ್ಲ ಖರೇ. ಸಹಿಯ ಜಾಗ ಒಂದು ಬಾಕಿ. ಕಾಗದವನ್ನು ಪುಸ್ತಕದ ಕೆಳಗೆ ಸೇರಿಸಿ, ಮೂರಕ್ಕೆ ಮತ್ತೆ ತೆಗೆದ. ಮಾಮಲೇದಾರ ಕಚೇರಿ ಹತ್ತು ನಿಮಿಷದ ದಾರಿ, ಹುಕುಮಿಗೆ ಅರ್ಧ ತಾಸು, ಹಣ ಒಯ್ಯಲು ಮತ್ತೊಮ್ಮೆ ಬ್ಯಾಂಕಿಗೆ ಬಂದು ಹೋಗಬೇಕು; ರಜಿಸ್ಟ್ರಾರ ಕಚೇರಿ ಮಾಮಲೇದಾರ ಕಚೇರಿಯ ಪಕ್ಕದಲ್ಲೇ. ನಾಲ್ಕರವರೆಗೂ ಸಮಯವಿದೆ ಅಂದುಕೊಂಡ. ಲೇಖಣಿಯನ್ನು ಮಸಿಯಲ್ಲಿ ಅದ್ದಿದ. ಬೆಂಚಿನ ಮೇಲೆ ಅವಳು ನೆಟ್ಟಗೆ ಕುಳಿತಳು. ಅಷ್ಟರಲ್ಲಿ ಜವಳಿಯವನು ಹಣ ತೆಗೆಯಲು ಬಂದ. ಗುರುಶಿದ್ದಪ್ಪ ಅವನಿಗೆ ಹಣ ಎಣಿಸಿ ಕೊಟ್ಟ, ಎರಡು ಸಲ ಎಣಿಸಿದ, ಚಿಲ್ಲರೆಗಾಗಿ ಪೆಟ್ಟಿಗೆಯೆಲ್ಲ ಹುಡುಕಿದ. ಜವಳಿಯವನು ಹೋಗುವಾಗ ನಾಲ್ಕೂಕಾಲು. ಲೇಖಣಿಯ ಮಸಿ ಒಣಗಿತ್ತು. ಅವನು ಮತ್ತೆ ಅದ್ದಲಿಲ್ಲ. ಪುಸ್ತಕ ತೆರೆದು ಬೇರೆ ಯಾರದೋ ಬಡ್ಡಿ ಹಾಕತೊಡಗಿದ. ಕಣ್ಣು ತುಂಬಿ ಅಂಕಿಗಳು ಕಾಣುತ್ತಿರಲಿಲ್ಲ.

"ಗಂಟಿ ಎಷ್ಟಾತ್ರಿ?" ಎಂದು ಸಾವಂತ್ರೆವ್ವ ಬಹಳ ಹೊತ್ತಿನ ಮೇಲೆ ಕೇಳಿದಳು.

ಬಡೇಸಾಬ ಗಡಿಯಾರ ನೋಡಿ, "ಐದು ಆಗಿ ಹೋತವಾ," ಎಂದ.

"ಹೌದೇನ್ರಿ," ಎಂದಳು ಅವಳು. ಮೊಣಕಾಲ ಮೇಲೆ ಕೈಯೂರಿ ಎದ್ದಳು. "ನಾ ಬರ್ತೇನ್ರಿ, ಯಪ್ಪಾ. ಎರಡ ದಿನ ನಿಮಗ ಅಡ್ಡ ಆತು."

ಗುರುಶಿದ್ದಪ್ಪ ಮೇಜಿನಿಂದ ಅರ್ಧ ಎದ್ದ.

ಅವಳು ಬಾಗಿಲಿಗೆ ಹೋದವಳು ಏನೋ ನೆನಪಾಗಿ ಹಿಂತಿರುಗಿ ಬಂದಳು. ಸೆರಗಿನ ತುದಿ ಹಿಡಿದು, ಬಗ್ಗಿ, ತಾನು ಕುಳಿತಿದ್ದ ಬೆಂಚಿನ ಜಾಗವನ್ನು ಒರೆಸಿದಳು. ಒಂದು ಸಲ ಒರೆಸಿ, ಬೆಳಕಿಗೆ ನೋಡಿ, ಮತ್ತೊಂದು ಸಲ ಒರೆಸಿದಳು. ಆಮೇಲೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯತೊಡಗಿದಳು.